ಚಾಚಿಯ ಬೆರಳು

ಮಾನ್ವಿಯ ನಮ್ಮ ಓಣಿಯಲ್ಲಿ ಬಳೆ ಇಡಿಸುವ ಚಾಚಿ ಕಣ್ಣು ಮುಚ್ಚಿಕೊಂಡೇ ಇಡಿಸುತ್ತಿದ್ದಳು. "ಕೈ ಸಡ್ಲ ಬಿಡವ್ವಾ" ಅನ್ನುವುದೊಂದೇ ಮಾತು. ಉಳಿದದ್ದು ಬೆರಳಿಗೆ ತಿಳಿಯುತ್ತಿತ್ತು.

ಎಂಬತ್ತನೇ ಇಸವಿಯ ಸುಮಾರಿಗೆ ಆ ಬೆರಳುಗಳು ಜೋಮು ಹಿಡಿದವು. ಲಕ್ವಾ ಅಂತ ಓಣಿಯವರು ಪಾರಿವಾಳದ ರಕ್ತ ತಿಕ್ಕಿಸಿದರು. ರಾಯಚೂರಿನ ಡಾಕ್ಟರು ಬೇರೆಯೇ ಹೇಳಿದರು: "ಮೈ ಕಾಯೋ ಶಕ್ತಿನೇ ತಿರುಗಿ ಬಿದ್ದು, ನರದ ಮ್ಯಾಲಿನ ಹೊದಿಕಿ ತಿನ್ನಾಕತ್ತದ."

ಅದು ಓಣಿಗೆ ಅರ್ಥವಾಗಲಿಲ್ಲ. ಅರ್ಥವಾಗದ ರೋಗದ ಕೈಯಿಂದ ಬಳೆ ಇಡಿಸಿಕೊಳ್ಳಲು ಯಾರೂ ಹೋಗಲಿಲ್ಲ.

ರಂಜಾನಿನ ಹಿಂದಿನ ದಿನ ನಾನು ಹೋದಾಗ ಅವಳ ಕೈಯೇ ಬರಿದಾಗಿತ್ತು. ಅವಳ ಬುಟ್ಟಿಯಿಂದಲೇ ಹಸಿರು ಬಳೆ ತೆಗೆದು ಇಡಿಸತೊಡಗಿದೆ. ಬಾಯಿಗೆ ಅವಳ ಮಾತೇ ಬಂತು: "ಕೈ ಸಡ್ಲ ಬಿಡು, ಚಾಚಿ."

ಚಾಚಿ ತನ್ನ ಕೈಯನ್ನೇ ದಿಟ್ಟಿಸಿದಳು.

"ಬಿಟ್ಟೀನೋ ಇಲ್ಲೋ, ನೀನೇ ನೋಡಿ ಹೇಳವ್ವಾ."