ತಲೆ ಎಣಿಸಿದ ದಿನ ಗೆದ್ದ ರಾಜಮತಿ

ಐದೂರು ಉದ್ಯಮ ಕಂಪನಿಯವರು ಜುಗೂಳದ ರಾಜಮತಿಗೆ ಎರಡು ವರ್ಷದ ಬಡ್ಡಿ ಇನ್ನೂ ಕೊಡಬೇಕು. ಅಸಲು ಬಂದಿದೆ. ಅದನ್ನೂ ಅವರಾಗಿ ಕೊಡಲಿಲ್ಲ, ಈಕೆ ಕಿತ್ತುಕೊಂಡಳು.

೨೦೦೭ರಲ್ಲಿ ಅಥಣಿಯ ವಿರುಪಾಕ್ಷಪ್ಪ ಸಾಹುಕಾರ ಆ ಕಂಪನಿ ಕಟ್ಟಿದ. ಕಂಪನಿಗೆ ಬೋರ್ಡಿತ್ತು, ಕಾರಿತ್ತು, ಗೋಡೆಯ ಮೇಲೆ ಗಣಪತಿಯ ಫೋಟೋ ಇತ್ತು. ಮಾಡುವ ಧಂದೆ ಮಾತ್ರ ಇರಲಿಲ್ಲ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಕಾಗವಾಡಗಳ ಊರೂರು ತಿರುಗಿ ಅವನು ಹೇಳಿದ್ದು ಒಂದೇ ಮಾತು: "ಮೊದ್ಲ ರೊಕ್ಕ ಕೂಡಸೂಣು. ಎರಡ ವರ್ಷದಾಗ ಒಂದ ಚಲೋ ಫ್ಯಾಕ್ಟರಿ ನೋಡಿ ಕೊಂಡ ಬಿಡೂಣು. ಯಾವ್ದು ಅಂತ ಈಗ ಹೇಳಿದ್ರ ಮಾರಾವ ರೇಟ ಏರಸ್ತಾನ." ಜನಕ್ಕೆ ಅದು ಖರೆ ಅನ್ನಿಸಿತು. ಕಬ್ಬು ಬೆಳೆಯುವ ಸೀಮೆ, ಫ್ಯಾಕ್ಟರಿ ಅಂದರೆ ಇಲ್ಲಿ ಕಿವಿ ನಿಮಿರುತ್ತದೆ.

ದುಡ್ಡು ಬ್ಯಾಂಕಿನಲ್ಲಿ ಟ್ರಸ್ಟಿಯೊಬ್ಬರ ಕಾವಲಿನಲ್ಲಿರುತ್ತದೆ, ಗಡುವಿನೊಳಗೆ ಖರೀದಿ ಆಗದಿದ್ದರೆ ಬಡ್ಡಿಸಮೇತ ವಾಪಸ್ ಎಂದು ನಿಯಮವಿತ್ತು. ಫ್ಯಾಕ್ಟರಿ ಮನಸ್ಸಿಗೆ ಬಾರದವರು ತಮ್ಮ ಪಾಲು ಹಿಂದಕ್ಕೆ ಕೇಳಬಹುದು ಎಂದೂ ಹೇಳಿದ. ಅದು ಭಾಷಣದಲ್ಲಿತ್ತು, ನಿಯಮದಲ್ಲಿರಲಿಲ್ಲ.

ರಾಜಮತಿಯ ಗಂಡ ಭೀಮಗೊಂಡ ಹೊಳೆಯಿಂದ ಮ್ಯಾಲಿನ ಹೊಲಕ್ಕೆ ಪೈಪಲೈನ್ ಎಳೆಯಲು ಇಟ್ಟಿದ್ದ ದುಡ್ಡನ್ನಷ್ಟೂ ತಂದು ಷೇರಿಗೆ ಹಾಕಿದ. ಹಾಕಿದ್ದೂ ತನ್ನ ಹೆಸರಿನಲ್ಲಲ್ಲ. ಹೆಂಡತಿ, ಸೊಸೆ, ಅಕ್ಕ, ಅತ್ತಿಗೆ, ಗಂಡನ ಮನೆಯಲ್ಲಿದ್ದ ಮಗಳು ಚಂದ್ರಮತಿ, ಹೀಗೆ ಒಟ್ಟು ಎಂಟು ಹೆಂಗಸರ ಹೆಸರಿಗೆ ಒಂದಿಷ್ಟು ಹಂಚಿದ. ಸಹಕಾರಿ ಸಕ್ಕರೆ ಕಾರ್ಖಾನೆಯ ಚುನಾವಣೆ ಕಂಡ ಯಾವ ಮನೆಯವರೂ ಇಲ್ಲಿ ಹಾಗೆಯೇ ಮಾಡುತ್ತಾರೆ. ಅಲ್ಲಿ ಷೇರು ಎಷ್ಟಿದ್ದರೂ ಆಳಿಗೊಂದೇ ಓಟು. ಹೆಸರು ಹೆಚ್ಚಿದ್ದಷ್ಟೂ ಆ ಮನೆಯ ಕೈ ಮೇಲೆ.

"ಪೈಪಲೈನ ಎಲ್ಲಿ ಹೋತು?" ಎಂದು ರಾಜಮತಿ ಕೇಳಿದಳು.

"ಓಟ ನಮ್ಮ ಕೈಯಾಗ ಅದಾವ ಬೇ. ಎಂಟು ಓಟು! ಸಾಹುಕಾರ ನಮ್ಮನಿಗೆ ಬಂದ ಚಾ ಕುಡದ ಹೋಗಬೇಕ, ನೋಡ್ತಿರು."

"ಓಟ ಹಾಸಿ ಹೊಲಕ್ಕ ನೀರ ಹಾಯಸ್ತೀರೇನ ಹಂಗಾರ?"

ಎರಡು ವರ್ಷ ಮುಗಿಯಲು ಬಂದಾಗ ಸಾಹುಕಾರನಿಗೆ ಫ್ಯಾಕ್ಟರಿ ಸಿಕ್ಕಿತು. ರಾಯಬಾಗದ ಕಡೆ ಅಲಖನೂರಿನ ಆಚೆ ಮುಚ್ಚಿಹೋಗಿದ್ದ ಗೋವಿನಜೋಳದ ಸ್ಟಾರ್ಚ್ ಫ್ಯಾಕ್ಟರಿ. ಮಾಲೀಕ ಅವನ ಹೆಂಡತಿಯ ತಮ್ಮ. ಆ ಕಂಪನಿಯನ್ನು ಈ ಕಂಪನಿಯೊಳಗೆ ಸೇರಿಸಿಕೊಳ್ಳುವುದಕ್ಕೆ ಸಭೆ ಕರೆದು ನೋಟಿಸು ಬಂತು.

ರಾಜಮತಿ ಬಸ್ಸು ಹತ್ತಿ ನೋಡಲು ಹೋದಳು. ಅಂಗಳದ ತುಂಬ ಜಾಲಿ. ಬಾಯ್ಲರ್ ಇರಬೇಕಾದ ಕಟ್ಟೆಯ ಮೇಲೆ ಆಡುಗಳು ಮಲಗಿದ್ದವು.

"ಬಾಯ್ಲರ ಎಲ್ಲೈತ್ರಿ ಕಾಕಾ?" ಎಂದು ವಾಚ್‌ಮನ್‌ನನ್ನು ಕೇಳಿದಳು.

"ಅದು ಹ್ವಾದ ವರ್ಷನ ಲಾರಿ ಹತ್ತಿ ಸಾಂಗ್ಲಿಗಿ ಗುಜರಿಗೆ ಹೋತವಾ. ನನ್ನ ಪಗಾರ ಅಷ್ಟ ಇನ್ನೂ ಬಂದಿಲ್ಲ."

ಅಲ್ಲಿಂದ ಸೀದಾ ಚಿಕ್ಕೋಡಿಗೆ, ಕಂಪನಿಗಳ ವ್ಯವಹಾರ ನೋಡುವ ವಕೀಲೆ ಸೀಮಾಳ ಹತ್ತಿರ ಹೋದಳು. ಸೀಮಾ ಎಲ್ಲವನ್ನೂ ಬಿಡಿಸಿ ಹೇಳಿದಳು. ಹತ್ತು ರೂಪಾಯಿ ಮುಖಬೆಲೆಯ ಷೇರಿಗೆ ರೈತರು ನೂರು ಕೊಟ್ಟಿದ್ದರು. ಸಾಹುಕಾರ ಮತ್ತು ಅವನ ಬಳಗ ಅದೇ ಷೇರನ್ನು ಹತ್ತಕ್ಕೇ ತೆಗೆದುಕೊಂಡು, ಐದರಲ್ಲೊಂದು ಪಾಲಿಗೆ ಒಡೆಯರಾಗಿದ್ದರು. ಗಡುವು ಮೀರಿದರೆ ಟ್ರಸ್ಟಿಯ ದುಡ್ಡಿನಲ್ಲಿ ಆ ಅಗ್ಗದ ಷೇರಿಗೆ ಚಿಕ್ಕಾಸೂ ಇಲ್ಲ. ಖರೀದಿಯಾದರೆ ಅದೂ ರೈತರ ಷೇರಿಗೆ ಸರಿಸಮ. ಸಾಹುಕಾರನಿಗೆ ಬೇಕಾದದ್ದು ಒಳ್ಳೆಯ ಫ್ಯಾಕ್ಟರಿಯಲ್ಲ, ಯಾವುದಾದರೂ ಫ್ಯಾಕ್ಟರಿ.

"ಓಟ ನಮ್ಮನ್ಯಾಗ ಎಂಟ ಅದಾವ್ರಿ, ವಕೀಲಬಾಯಿ," ಎಂದಳು ರಾಜಮತಿ.

ಸೀಮಾ ನಕ್ಕಳು. "ಕಾಕೂ, ಇದು ಸೊಸೈಟಿ ಅಲ್ರಿ. ಕಂಪನಿಯಾಗ ಓಟ ಷೇರಿನ ಮ್ಯಾಲ. ಒಂದ ಹೆಸರಿಗೆ ಇಡ್ರಿ, ಎಂಟ ಹೆಸರಿಗೆ ಇಡ್ರಿ, ತೂಕ ಅಷ್ಟ. ಸಾಂಗ್ಲಿ ವ್ಯಾಪಾರಸ್ಥರ ದೊಡ್ಡ ದೊಡ್ಡ ಷೇರಿನ ಗಂಟು ಸಾಹುಕಾರನ ಕಡೆ ಐತಿ."

ರಾಜಮತಿಯ ಮುಖ ಇಳಿಯಿತು. ಸೀಮಾ ನೋಟಿಸನ್ನು ಮತ್ತೊಮ್ಮೆ ಎತ್ತಿ ಓದಿ, ಕನ್ನಡಕ ತೆಗೆದಳು. "ತಡೀರಿ. ಇದು ದಿನಾ ನಡಿಯೂವಂಥಾ ಸಭಾ ಅಲ್ಲ. ಎರಡು ಕಂಪನಿ ಕೂಡಸೂ ಸಭಾ, ಹೈಕೋರ್ಟ ಕರಿಸಿದ್ದು. ಇದರಾಗ ಎರಡ ಸಲ ಎಣಸ್ತಾರ. ಓಟ ಹಾಕಿದವರ ಷೇರಿನಾಗ ಮುಕ್ಕಾಲು ಬೇಕು, ಮ್ಯಾಲ ತಲೀನೂ ಅರ್ಧಕ್ಕಿಂತ ಹೆಚ್ಚ ಬೇಕು. ಒಂದು ತಪ್ಪಿದ್ರೂ ಮುಗೀತು. ಇದೊಂದ ದಿನ ನಿಮ್ಮ ಯಜಮಾನರ ಹುಚ್ಚು ಕೆಲಸಕ್ಕ ಬರ್ತೈತಿ."

ಭೀಮಗೊಂಡನ ಹುಚ್ಚು ಅವನೊಬ್ಬನದಲ್ಲ. ಜುಗೂಳದಿಂದ ಅಕ್ಕೋಳದವರೆಗೆ ಎಲ್ಲ ಮನೆಗಳಲ್ಲೂ ಷೇರು ಹೆಂಗಸರ ಹೆಸರಿನಲ್ಲೇ ಇತ್ತು. ಆದರೆ ಸಾಹುಕಾರ ದಡ್ಡನಲ್ಲ. ಸಕ್ಕರೆ ಕಾರ್ಖಾನೆಯ ಸಭೆಗೆ ಬಂದವರು ಸಹಿ ಮಾಡಿ ಸಕ್ಕರೆ ತೆಗೆದುಕೊಂಡು ಮನೆಗೆ ಹೋಗುವುದು ಇಲ್ಲಿನ ಹಳೆಯ ರೂಢಿ. ಅವನ ಆಳುಗಳು ಮನೆಮನೆಗೆ ಹೋಗಿ ಹೆಬ್ಬೆಟ್ಟಿಗೊಂದು ಚೀಲ ಸಕ್ಕರೆ ಹಂಚಿದ್ದರು. ಒತ್ತಿಸಿಕೊಂಡದ್ದು 'ನನ್ನ ಬದಲು ಇವರು ಓಟು ಹಾಕುತ್ತಾರೆ' ಎಂಬ ಪ್ರಾಕ್ಸಿಯ ಮೇಲೆ. ರಾಜಮತಿಯ ಮನೆಯಲ್ಲೂ ಸೊಸೆ ಒತ್ತಿದ್ದಳು.

"ತಾವ ಖುದ್ದ ಬಂದ ಓಟ ಹಾಕಿದ್ರ ಪ್ರಾಕ್ಸಿ ಸತ್ತಂಗ," ಎಂದಳು ಸೀಮಾ. "ಆದ್ರ ಬರಬೇಕು."

ರಾಜಮತಿ ತಿರುಗಲು ಶುರು ಮಾಡಿದಳು. ಗಂಡಸರು ಕಟ್ಟೆಯ ಮೇಲೆ ಕುಳಿತು ಕಂಪನಿ ಕಾನೂನು ಮಾತಾಡುತ್ತಿದ್ದಾಗ ಇವಳು ಹಿತ್ತಲ ಬಾಗಿಲಿನಿಂದ ಒಳಗೆ ಹೋದಳು. ಅಕ್ಕೋಳದ ಅಕ್ಕುತಾಯಿ ಒಪ್ಪಲಿಲ್ಲ.

"ಅವರ ಸಕ್ಕರಿ ತಿಂದೀನಿ, ಇನ್ನ ಅವರಿಗೇ ತಿರುಗಿ ಬೀಳ್ಲೇನ?"

"ಯಾರ ಸಕ್ಕರಿ ಬೇ? ನೀ ಬೆಳದ ಕಬ್ಬು, ನಿನ್ನ ರೊಕ್ಕದಾಗ ಕೊಂಡ ಚೀಲ. ಇನ್ನೊಂದ ಚೀಲ ಕೊಟ್ರ ಅದನ್ನೂ ತಿನ್ನು. ತಿಂದ ಟ್ರ್ಯಾಕ್ಟರ ಹತ್ತು."

ಸಭೆ ಅಥಣಿಯಲ್ಲಿ ಮದುವೆ ನಡೆಯುವ ಮಂಗಲ ಕಾರ್ಯಾಲಯದಲ್ಲಿತ್ತು. ಹೈಕೋರ್ಟು ನೇಮಿಸಿದ ಅಧ್ಯಕ್ಷರು ವೇದಿಕೆಯ ಮೇಲೆ, ಅವರ ಪಕ್ಕದಲ್ಲಿ ಜರಿ ಪಟಕದ ಸಾಹುಕಾರ. ಮುಂದಿನ ಕುರ್ಚಿಗಳಲ್ಲಿ ಸಾಂಗ್ಲಿಯವರು. ಆಗ ಹೊರಗೆ ಟ್ರ್ಯಾಕ್ಟರುಗಳು ಒಂದರ ಹಿಂದೊಂದು ನಿಂತವು. ಇಳಕಲ್ ಸೀರೆಗಳು ಇಳಿಯುತ್ತಲೇ ಹೋದವು. ಕುರ್ಚಿ ಸಾಲದೆ ಹೆಂಗಸರು ನೆಲಕ್ಕೆ ಕುಳಿತರು, ಎಲೆಯಡಿಕೆ ಚೀಲ ಬಿಚ್ಚಿದರು.

ಸಾಹುಕಾರನ ಮ್ಯಾನೇಜರ್ ಓಡಿ ಬಂದ. "ನೀವೆಲ್ಲಾ ಹೆಬ್ಬೆಟ್ಟ ಒತ್ತೀರಿ! ಸಕ್ಕರಿ ತಗೊಂಡೀರಿ!"

"ಹೋಳಗಿ ಮಾಡಿ ತಿಂದೇವಿ," ಅಕ್ಕುತಾಯಿ ಎದ್ದು ನಿಂತಳು. "ವಾಪಸ ಬೇಕಂದ್ರ ನಾಳೆ ಮುಂಜಾನೆ ನಮ್ಮ ಹೊಲದ ಕಡೆ ಬಾ, ಕೊಡ್ತೀನಿ."

ಕಾರ್ಯಾಲಯ ಬಿದ್ದು ಬಿದ್ದು ನಕ್ಕಿತು. ಅಧ್ಯಕ್ಷರು ಕೆಮ್ಮಿ, "ಖುದ್ದು ಬಂದವರ ಪ್ರಾಕ್ಸಿ ನಡೆಯುವುದಿಲ್ಲ," ಎಂದರು. ಓಟಿನ ಚೀಟಿ ಹಂಚಿದರು.

ಷೇರಿನ ಲೆಕ್ಕದಲ್ಲಿ ಸಾಹುಕಾರ ಮುಕ್ಕಾಲು ದಾಟಿದ. ಅವನ ಕಡೆಯವರು ಎದ್ದು ಸೀಟಿ ಹೊಡೆದರು, ಒಬ್ಬ ಹಾರ ತರಲು ಓಡಿದ. ರಾಜಮತಿ ಕುಳಿತ ಜಾಗದಿಂದ ಕದಲಲಿಲ್ಲ. ಸೆರಗಿನ ಅಂಚನ್ನು ಮಾತ್ರ ಹಿಂಡುತ್ತಿದ್ದಳು. ಆಮೇಲೆ ತಲೆ ಎಣಿಕೆ ಓದಿದರು. ಪರವಾಗಿ ಬಿದ್ದ ಪ್ರತಿ ತಲೆಗೆ ವಿರುದ್ಧವಾಗಿ ಮೂರು ತಲೆ. ಪ್ರಸ್ತಾಪ ಬಿತ್ತು.

ಹಾರ ತಂದವನು ಬಾಗಿಲಲ್ಲೇ ನಿಂತ. ಭೀಮಗೊಂಡ ಎದೆ ಉಬ್ಬಿಸಿ ಊರಿನವರ ಕಡೆ ತಿರುಗಿ, "ನಾ ಹೇಳಿರ್ಲಿಲ್ಲಾ ಎಂಟ ಓಟು ಅಂತ?" ಎಂದ.

"ಹೌದ್ರಿ, ನೀವ ಶಾಣ್ಯಾರು," ಎಂದಳು ರಾಜಮತಿ. "ಇನ್ನ ಪೈಪಿನ ಅಂಗಡಿ ಕಡೆ ನಡೀರಿ."

ಗಡುವು ಮೀರಿತು. ಬೇರೆ ಫ್ಯಾಕ್ಟರಿ ಹುಡುಕಲು ಸಾಹುಕಾರನಿಗೆ ದಿನ ಉಳಿದಿರಲಿಲ್ಲ. ಟ್ರಸ್ಟಿ ಅಸಲನ್ನು ಹೆಸರು ಹೆಸರಿಗೆ ಚೆಕ್ ಬರೆದು ಕಳಿಸಿದರು, ಬಡ್ಡಿಯನ್ನು ಕಂಪನಿ ಇನ್ನೂ ಕೊಟ್ಟಿಲ್ಲ. ಚೆಕ್ಕು ಬಂದದ್ದೂ ಹೆಂಗಸರ ಹೆಸರಿಗೇ. ಹುಟ್ಟಿದಾಗಿನಿಂದ ಬ್ಯಾಂಕಿನ ಮೆಟ್ಟಿಲು ಹತ್ತದವರು ಅಂದು ಖಾತೆ ತೆರೆಯಲು ಸಾಲು ನಿಂತರು. ಆ ಬೇಸಿಗೆಯಲ್ಲಿ ರಾಜಮತಿಯ ಮ್ಯಾಲಿನ ಹೊಲದಲ್ಲಿ ಹೊಳೆಯ ನೀರು ಧುಮುಕಿತು. ವಾಲ್ವ್ ತಿರುವಿದ್ದು ಅವಳೇ.

ಇದನ್ನು ಓದುತ್ತಿರುವ ಗೌಡರೇ, ಸಾಹುಕಾರರೇ, ಮೇಷ್ಟರೇ, ನಿಮ್ಮ ಮನೆಯಲ್ಲೂ ತಾಯಿಯ, ಹೆಂಡತಿಯ, ಸೊಸೆಯ ಹೆಸರಿನಲ್ಲಿ ಷೇರು ಇದೆ. ತೆರಿಗೆಗೆಂದೋ ಚುನಾವಣೆಗೆಂದೋ ನೀವೇ ಬರೆಸಿದ್ದೀರಿ. ಮುಂದಿನ ಸಭೆಯ ನೋಟಿಸು ಬಂದಾಗ ಅದನ್ನು ಅವರ ಕೈಗೆ ಕೊಡಿ, ಓದಿ ಹೇಳಿ, ಗಾಡಿ ಹತ್ತಿಸಿ. ಅವರ ಬದಲು ನೀವು ಸಹಿ ಹಾಕಬೇಡಿ. ಹಾಕುತ್ತಾ ಬಂದಿದ್ದರೆ ಇವತ್ತೇ ನಿಲ್ಲಿಸಿ.