ಬಾಲವಿದ್ದ ಕ್ರಿಸ್‌ಮಸ್ ನಕ್ಷತ್ರ

“ಅಯ್ಯ, ಬಾಲ ಹಚ್ಚಿಬಿಟ್ಟೇನ್ರಿ!” ನಮ್ಮ ಪಕ್ಕದ ಮನೆಯ ರೋಸಿ ಆಂಟಿಯ ಬಾಗಿಲಲ್ಲೇ ಹಣೆ ಚಚ್ಚಿಕೊಂಡೆ. ಪ್ರತಿ ಕ್ರಿಸ್‌ಮಸ್‌ಗೆ ನಕ್ಷತ್ರ ಮಾಡುತ್ತಿದ್ದ ಅಂಕಲ್ ಹೋದ ವರ್ಷ ಹಬ್ಬಕ್ಕೆ ಮುಂಚೆಯೇ ತೀರಿಕೊಂಡಿದ್ದರು. ಆಂಟಿಯ ಬಾಗಿಲು ಬರಿದಾಗಬಾರದೆಂದು ಶಿವಾಜಿನಗರದಿಂದ ಬಿದಿರುಕಡ್ಡಿ, ಗಾಳಿಪಟದ ಕಾಗದ ತಂದು ನಾನೇ ಒಂದು ನಕ್ಷತ್ರ ಮಾಡಿದ್ದೆ. ದೀಪಾವಳಿಯ ಆಕಾಶಬುಟ್ಟಿ ಮಾಡಿ ರೂಢಿಯಾದ ಕೈ, ಕೆಳಗೆ ಉದ್ದುದ್ದ ಕಾಗದದ ಬಾಲಗಳನ್ನೂ ಅಂಟಿಸಿಬಿಟ್ಟಿತ್ತು.

ಹರಿಯಲು ಹೋದೆ. ನನ್ನಂತೆಯೇ ಬೆಳಗಾವಿ ಕಡೆಯವರಾದ ಆಂಟಿ ಕೈ ಹಿಡಿದರು. “ಇರ್ಲಿ ಬಿಡ್ರಿ. ಯಾರು ಮಾಡ್ಯಾರ ಅಂತ ನೋಡಿದವರಿಗೆ ಗೊತ್ತಾಗ್ಲಿ.” ಅಂಕಲ್ ಬಡಿದಿದ್ದ ಮೊಳೆಗೇ ಅದನ್ನು ತೂಗುಹಾಕಿದರು.

ನನ್ನ ತಪ್ಪನ್ನು ಇಷ್ಟು ಅಕ್ಕರೆಯಿಂದ ಯಾರೂ ಕಾಪಾಡಿರಲಿಲ್ಲ. ಈ ಡಿಸೆಂಬರ್‌ನಲ್ಲಿ ಆಂಟಿಯೇ ಬಣ್ಣದ ಕಾಗದ ಹಿಡಿದು ನಮ್ಮ ಮನೆಗೆ ಬಂದರು, ಬಾಲ ಅಂಟಿಸುವುದನ್ನು ಕಲಿಯಲು.