ಶಾಲನಳ ತೋರುಬೆರಳಿನ ಉಗುರು

ಹುಪರಿಯಲ್ಲಿ ನಮ್ಮ ಮನೆಯ ಹೊರಕೋಣೆಯಲ್ಲಿ ಬಾಡಿಗೆಗೆ ಇದ್ದಾಳಲ್ಲ ಶಾಲನ, ಅವಳದ್ದು ಹೇಳುತ್ತೇನೆ, ಬರೆದುಕೋ ಮೊಮ್ಮಗಳೇ ಸ್ನೇಹಲ. ಈಗ ನಲವತ್ತು ದಾಟಿದೆ. ಮದುವೆಯ ಮಾತು ಒಂದೆರಡು ಸಲ ಗಡಹಿಂಗ್ಲಜದ ಕಡೆಯಿಂದ ಬಂದಿತ್ತು, ಅಲ್ಲಿಗೇ ನಿಂತಿತು. ಗಡಹಿಂಗ್ಲಜ ನನ್ನ ತವರು. ಅಲ್ಲಿನ ಮೆಣಸಿನಕಾಯಿಯ ಬಣ್ಣ ಇಲ್ಲಿ ಯಾವುದಕ್ಕೂ ಬರುವುದಿಲ್ಲ. ಇರಲಿ, ಶಾಲನಳ ಮಾತಿಗೆ ಬರೋಣ.

ಅವಳದು ಬೆಳ್ಳಿಯ ಕೆಲಸ. ಕಾಲ್ಗೆಜ್ಜೆಗೆ ಬೇಕಾಗುವ ಕಡಿಗಳನ್ನು ಒಂದರೊಳಗೊಂದು ಸಿಕ್ಕಿಸಿ ಸರ ಮಾಡುತ್ತಾಳೆ. ಎಳ್ಳಿನಷ್ಟು ಸಣ್ಣ ಉಂಗುರಗಳು ಅವು. ಚಿಮಟದಿಂದ ಎತ್ತಿದರೆ ನಗ್ಗುತ್ತವೆ. ಅದಕ್ಕೇ ಎಡಗೈ ತೋರುಬೆರಳಿನ ಉಗುರನ್ನು ಉದ್ದ ಬಿಟ್ಟು ಅದರ ತುದಿಯಿಂದಲೇ ಎತ್ತುತ್ತಾಳೆ. ಹಿಂದೆ ಓಣಿಯ ಹೆಂಗಸರೆಲ್ಲ ನಮ್ಮ ಪಡಸಾಲೆಯಲ್ಲೇ ಕೂತು ಈ ಕೆಲಸ ಮಾಡುತ್ತಿದ್ದೆವು. ತಾರವ್ವ ತನ್ನ ಗಂಡನ ನಡಿಗೆಯನ್ನು ಅಣಕಿಸಿ ತೋರಿಸಿದರೆ ನಗುವಿಗೆ ಕಡಿಗಳೆಲ್ಲ ಚೆಲ್ಲಾಪಿಲ್ಲಿ. ಆಮೇಲೆ ಸರವನ್ನು ಮಷೀನೇ ಹೆಣೆಯತೊಡಗಿತು. ನನ್ನ ಕಣ್ಣೂ ಮಂದವಾಯಿತು. ಮಷೀನಿಗೆ ಒಗ್ಗದ ನಾಜೂಕಿನ ಕೆಲಸ ಒಂದಿಷ್ಟು ಉಳಿಯಿತು, ಅದಕ್ಕೆ ಶಾಲನ ಒಬ್ಬಳೇ. ಕೆಲವು ದಿನ ಸಂಜೆಯವರೆಗೂ ಅವಳ ಬಾಯಿಂದ ಒಂದು ಮಾತೂ ಹೊರಡುತ್ತಿರಲಿಲ್ಲ.

ಒಮ್ಮೆ ಇಚಲಕರಂಜಿಗೆ ಮಾಲು ಕೊಡಲು ಹೋದವಳು, ಯಾವುದೋ ಮಾಳಿಗೆಯ ಮೇಲೆ ಏಳೆಂಟು ಜನ ಕೂಡಿ ಗಿಟಾರ್ ಬಾರಿಸುವುದನ್ನು ಕೆಳಗೆ ನಿಂತು ಕೇಳಿಕೊಂಡು ಬಂದಳು. ಮುಂದಿನ ವಾರವೇ ಯಾರೋ ಬಾರಿಸಿ ಬಿಟ್ಟ ಗಿಟಾರ್ ಕೊಂಡು ಆ ಕ್ಲಾಸಿಗೆ ಸೇರಿಬಿಟ್ಟಳು. ಕಲಿಸುವ ಕುಣಾಲ ಅವಳಿಗಿಂತ ಚಿಕ್ಕವನು. ಮೊದಲ ದಿನವೇ ಅವಳ ಎಡಗೈ ನೋಡಿದ.

"ಅಕ್ಕಾ, ಈ ಉಗುರ ತಗೀರಿ. ತಂತಿ ಒತ್ತಾಕ ಬರಂಗಿಲ್ಲ."

"ಉಗುರ ತಗದ್ರ ಹೊಟ್ಟಿಗೆ ತಂತಿ ತಿನ್ಲೇನ್ರಿ ಸರ?"

ತಡವರಿಸದೆ ಬಾರಿಸಲು ಬಂದವರನ್ನು ಕುಣಾಲ ಕೊಲ್ಲಾಪುರಕ್ಕೆ ಕರೆದೊಯ್ಯುತ್ತಾನೆ. ಅಲ್ಲಿ ಅವನ ಹಳೆಯ ವಿದ್ಯಾರ್ಥಿಗಳೆಲ್ಲ ರವಿವಾರ ಒಟ್ಟಿಗೆ ಕೂತು ಬಾರಿಸುತ್ತಾರೆ. ಶಾಲನಳಿಗೆ ಬೇಕಾಗಿದ್ದದ್ದು ಅದೊಂದೇ, ನಾಲ್ಕು ಜನರ ನಡುವೆ ಒಂದು ಜಾಗ.

ಕ್ಲಾಸಿನ ಬುಕ್ಕಿನಲ್ಲಿ ತೋರುಬೆರಳಿನಿಂದ ಶುರು ಮಾಡು ಅಂತಿದ್ದರೆ ಇವಳು ಆ ಬೆರಳನ್ನು ಎತ್ತಿಹಿಡಿದು ನಡುಬೆರಳು, ಉಂಗುರಬೆರಳು, ಕಿರುಬೆರಳಿನಿಂದ ಒತ್ತಿದಳು. ಕೈಯನ್ನೇ ಒಂದು ಬೆರಳು ಆಚೆ ಸರಿಸಿದ ಹಾಗೆ. ಕಾರ್ಡ್ ಅನ್ನುತ್ತಾರಲ್ಲ, ಆ ಹಿಡಿತಗಳು ಉಳಿದವೆಲ್ಲ ಬಂದವು. 'ಸಿ' ಅನ್ನುವ ಒಂದು ಮಾತ್ರ ಬಾರದು. ಅದಕ್ಕೆ ಕಿರುಬೆರಳು ದೂರದ ದಪ್ಪ ತಂತಿಗೆ ಚಾಚಬೇಕು. ಅದು ಅಲ್ಲಿಗೆ ಮುಟ್ಟುವಷ್ಟರಲ್ಲಿ ಹಾಡು ಮುಂದೆ ಹೋಗಿರುತ್ತಿತ್ತು. ನಾನು ಹೊಸ್ತಿಲಲ್ಲಿ ಕೂತು ನೋಡುತ್ತಿದ್ದೆ.

"ಒಂದ ಉಗುರಿಂದ ಏನೈತಿ ಶಾಲನಾ, ಕತ್ತರಿಸಿ ಒಗಿ. ಮತ್ತ ಬೆಳಿತೈತಿ."

"ಬೆಳಿಯೂ ತನಕ ಕಡಿ ಯಾರ ಎತ್ತಾರ್ರಿ ಆಯಿ? ನೀವ ಎತ್ತತೀರೇನು?"

ನನಗೆ ಸೂಜಿಯ ಕಣ್ಣೇ ಕಾಣುವುದಿಲ್ಲ.

ಮುಂದಿನ ಕ್ಲಾಸಿನಲ್ಲಿ ಅವಳೇ ಹೇಳಿದಳಂತೆ, "ನಾ ಕೊಲ್ಲಾಪುರಕ್ಕ ಬರಂಗಿಲ್ರಿ ಸರ."

ಕುಣಾಲ ಅದೇ 'ಸಿ' ಹಿಡಿತ ಹಿಡಿಸಿ ಅವಳ ಕೈಯನ್ನು ನೋಡಿದ. "ಕಿರುಬೆರಳ ಬಿಟ್ಟಬಿಡ್ರಿ ಅಕ್ಕಾ. ಎರಡ ಬೆರಳ ಸಾಕು. ದಪ್ಪ ತಂತಿ ಎರಡೂ ಮುಟ್ಟಬ್ಯಾಡ್ರಿ, ಸಣ್ಣವು ನಾಕ ಅಷ್ಟ ಬಾರಸ್ರಿ."

"ಬುಕ್ಕಿನ್ಯಾಗ ಹಂಗಿಲ್ಲಲ್ರಿ."

"ಬುಕ್ಕ ಬರದಾಂವ ನಿಮ್ಮ ಕೈ ನೋಡಿಲ್ಲಲ್ರಿ. ಬಾರಸ್ರಿ."

ಗಿಟಾರಿನ ದನಿ ತೆಳ್ಳಗೆ ಬಂತಂತೆ. ಆದರೆ ಹಾಡಿನ ಜೊತೆಗೇ ಬಂತು.

ರವಿವಾರ ಕೊಲ್ಲಾಪುರದಲ್ಲಿ ಸಾಲಿನ ತುದಿಗೆ ಕೂತಿದ್ದಾಳೆ. ಪಕ್ಕದಲ್ಲಿ ರುತುಜಾ ಅಂತ ಕಾಲೇಜಿನ ಹುಡುಗಿ. ಹಾಡು ಮುಗಿದ ಮೇಲೆ ಅವಳು ಕೇಳಿದ್ದಾಳೆ, "ಮಾವಶಿ, ಆ ಬೆರಳ ಯಾಕ ಎತ್ತಿ ಹಿಡದೀರಿ?"

ಸಂಜೆಯ ಬಸ್ಸಿಗೆ ಮನೆಗೆ ಬಂದಾಗ ಶಾಲನಳ ದನಿ ಒಡೆದಿತ್ತು.

"ಹಾಡಾಕ ಹಚ್ಚಿದ್ರೇನ?" ಅಂದೆ.

"ಇಲ್ರಿ. ಆ ಹುಡಿಗಿ ಕಡಿ ಹೆಂಗ ಎತ್ತತೀರಿ, ಸರ ಹೆಂಗ ಮಾಡ್ತೀರಿ ಅಂತ ಬಸ್ ಸ್ಟ್ಯಾಂಡ್ ತನಕ ಕೇಳಕೊಂತ ಬಂದ್ಲು. ನಾನೂ ಹೇಳಕೊಂತ ಬಂದೆ."

ಮರುದಿನ ಮತ್ತೆ ಅದೇ ಕೋಣೆ, ಕಿಟಕಿಯ ಬೆಳಕಿಗೆ ಬಗ್ಗಿದ ಅದೇ ಬೆನ್ನು. ನಾನು ಎಂದಿನಂತೆ ಬಾಗಿಲು ದಾಟಿ ಹೋಗುತ್ತಿದ್ದೆ. ಅವಳು ತಲೆ ಎತ್ತದೆ ಹೇಳಿದಳು, "ಆಯಿ, ಕೆಲಸ ಇಲ್ಲಂದ್ರ ಒಂಚೂರ ಕುಂದರ್ರಿ."

ಕೂತೆ.